ಕನ್ನಡದ ದಾರಿಯಿಂದ ಇಟಲಿಗೆ

ಮೇಲ್ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೊರಡುವ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ತರುಣತರುಣಿಯರು ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ಹೆಸರನ್ನಷ್ಟೇ ಜಪಿಸುತ್ತಿದ್ದ ಕಾಲವೊಂದಿತ್ತು. ಈಚೆಗೆ ಮಿಲಾನೊ, ತೊರೀನೊ, ಬೊಲೊಞ, ಪಾದೊವಗಳ ಹೆಸರೂ ಆ ಸಾಲಿನಲ್ಲಿ ಕೇಳಿಬರುತ್ತದೆ. ಕಾರಣವು ಗೂಢವಾದುದಲ್ಲ. ಇಟಲಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಶುಲ್ಕವನ್ನು ಕುಟುಂಬದ ವರಮಾನಕ್ಕೆ ತಕ್ಕಂತೆ ಗೊತ್ತುಮಾಡುವ ಪದ್ಧತಿಯಿದೆ. ಅಲ್ಲಿಯ ಪ್ರಾಂತಗಳು ಕೊಡುವ ವಿದ್ಯಾರ್ಥಿವೇತನಕ್ಕೆ ಪರದೇಶೀಯರೂ ಅರ್ಜಿ ಹಾಕಬಹುದು. ಸ್ನಾತಕೋತ್ತರ ತರಗತಿಗಳು ಅನೇಕವು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ವಿದ್ಯಾಪೀಠಗಳೋ ಪುರಾತನವಾದವು. ಬೊಲೊಞದ ವಿಶ್ವವಿದ್ಯಾನಿಲಯ ತನ್ನ ಹುಟ್ಟನ್ನು 1088ರಿಂದ ಎಣಿಸುತ್ತದೆ. 1222ರಲ್ಲಿ ಸ್ಥಾಪಿತವಾದ ಪಾದೊವದಲ್ಲಿ ಗೆಲಿಲಿಯೊ 1592ರಿಂದ 1610ರವರೆಗೆ ಗಣಿತವನ್ನು ಬೋಧಿಸಿದನು.

ಪಾಠವು ಇಂಗ್ಲಿಷಿನಲ್ಲಿ ಇರುವಾಗ ಇಟಾಲಿಯನ್ನನ್ನು ಕಲಿಯುವ ಶ್ರಮವೇಕೆ ಎಂದು ಕೇಳುವವರುಂಟು. ಪಾಠದ ಕೊಠಡಿಯಿಂದ ಹೊರಗೆ ಕಾಲಿಟ್ಟ ಕ್ಷಣದಲ್ಲಿಯೇ ಅವರಿಗೆ ಉತ್ತರ ದೊರೆಯುತ್ತದೆ. ದೇಶಕ್ಕೆ ಬಂದಿಳಿದ ಎಂಟು ಕೆಲಸದ ದಿನಗಳೊಳಗಾಗಿ 'ಪೆರ್ಮೆಸ್ಸೊ ದಿ ಸೊಜ್ಜೊರ್ನೊ' ಎಂಬ ವಾಸ್ತವ್ಯದ ಪರವಾನಗಿಗೆ ಅಂಚೆಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅದಕ್ಕೆ ಅಂಟಿಸುವ ಸರ್ಕಾರಿ ಮುದ್ರೆಯ ಚೀಟಿಯನ್ನು ಹೊಗೆಸೊಪ್ಪಿನ ಅಂಗಡಿಯಲ್ಲಿ ಕೊಳ್ಳಬೇಕು. ಬಸ್ಸಿನ ಟಿಕೆಟ್ಟೂ ಬಹುಮಟ್ಟಿಗೆ ಅದೇ ಅಂಗಡಿಯಲ್ಲಿ. ಅಂಚೆಯ ಗುಮಾಸ್ತನಾಗಲಿ ಆ ಅಂಗಡಿಯ ಮುದುಕಿಯಾಗಲಿ ಇಂಗ್ಲಿಷನ್ನು ಬಲ್ಲವರಾಗಿರಬೇಕೆಂಬ ನಿಯಮವೇನೂ ಇಲ್ಲ.

ಕಲಿಯತೊಡಗಿದ ನಮ್ಮ ಹುಡುಗರು ಸಾಮಾನ್ಯವಾಗಿ ಹಿಡಿಯುವ ಹಾದಿ ಮಾತ್ರ ಸುತ್ತುಬಳಸಿನದು. ಪುಸ್ತಕ ಇಂಗ್ಲಿಷಿನಲ್ಲಿದೆ, ಆದಕಾರಣ ಇಟಾಲಿಯನ್ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ಅದರಿಂದ ಕನ್ನಡಕ್ಕೆ ಇಳಿಸಿ, ಆಮೇಲೆ ಅರ್ಥಮಾಡಿಕೊಳ್ಳುತ್ತಾರೆ. ಈ ಮಧ್ಯಸ್ಥನನ್ನು ಬಿಟ್ಟುಬಿಟ್ಟರೆ ದಾರಿ ಅರ್ಧಕ್ಕರ್ಧ ಕಡಮೆಯಾಗುತ್ತದೆಂದು ನನ್ನ ದೃಢವಾದ ಅಭಿಪ್ರಾಯ.

ಉಚ್ಚಾರಣೆಯನ್ನೇ ತೆಗೆದುಕೊಳ್ಳಿ. ಇಟಾಲಿಯನ್ ಪದಗಳು ಬಹುತೇಕ ಸ್ವರಾಂತಗಳು, ಕನ್ನಡದ ಪದಗಳಂತೆಯೇ. ಆ ಭಾಷೆಯ ತಕಾರ ದಕಾರಗಳು ಹಲ್ಲಿಗೆ ನಾಲಗೆ ತಾಗಿ ಹೊರಡುವಂಥವು. ಇಂಗ್ಲಿಷಿನ ಅಭ್ಯಾಸದಿಂದ ಟಕಾರ ಡಕಾರಗಳನ್ನು ನುಡಿಯುವವನೇ ಎಡವುತ್ತಾನೆ. ನಾವು 'ಇಟಲಿ' ಎನ್ನುವ ದೇಶವನ್ನು ಅಲ್ಲಿಯವರು 'ಇತಾಲಿಯ' ಎನ್ನುತ್ತಾರೆ. ದ್ವಿತ್ವವಂತೂ ನಮ್ಮ ಸ್ವಂತ ಆಸ್ತಿ. 'ಕತೆ'ಗೂ 'ಕತ್ತೆ'ಗೂ ಇರುವ ಅಂತರವನ್ನು ಶೈಶವದಲ್ಲಿಯೇ ಕಿವಿಯಲ್ಲಿ ತುಂಬಿಕೊಂಡ ಕನ್ನಡಿಗನಿಗೆ, ಒಂಬತ್ತನೆಯದೆಂಬ 'ನೋನೊ'ವಿಗೂ ಅಜ್ಜನೆಂಬ 'ನೊನ್ನೊ'ವಿಗೂ ಇರುವ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಾಯವನ್ನು ಹೇಳುವಾಗ ವರ್ಷವೆಂಬರ್ಥದ 'ಅನ್ನಿ'ಯಲ್ಲಿ ಒಂದು ನಕಾರವನ್ನು ನುಂಗಿದ ಆಂಗ್ಲರು ಕೇಳುಗರನ್ನು ನಗಿಸುತ್ತಾರೆ. ಏಕೆಂಬುದನ್ನು ಸಭ್ಯರ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ವರ್ಣಮಾಲೆಯ ಪಟದಲ್ಲಿ ನಿರುದ್ಯೋಗಿಯಾಗಿ ಕುಳಿತಿರುವ ನಮ್ಮ ಞಕಾರಕ್ಕೂ ಅಲ್ಲಿ ಕೆಲಸವುಂಟು: ಆಲೂಗಡ್ಡೆಯಿಂದ ಮಾಡುವ ಒಂದು ಭಕ್ಷ್ಯದ ಹೆಸರು 'ಞೊಕ್ಕಿ'.

ವಾಕ್ಯರಚನೆಗೆ ಬಂದರೆ ಸಾದೃಶ್ಯ ಇನ್ನೂ ಆಳವಾದುದು. 'ಪಾರ್ಲೊ' ಎಂದರೆ ಮಾತನಾಡುತ್ತೇನೆ, 'ಪಾರ್ಲಿ' ಎಂದರೆ ಮಾತನಾಡುತ್ತೀಯೆ. ಕರ್ತೃವನ್ನು ಕ್ರಿಯಾಪದದ ಪ್ರತ್ಯಯವೇ ಸೂಚಿಸುವುದರಿಂದ 'ನಾನು', 'ನೀನು' ಎಂದು ಪ್ರತಿಸಲವೂ ಹೇಳುವ ಅಗತ್ಯವಿಲ್ಲ. ಕಾಫಿ ಇಷ್ಟವೆನ್ನಲು ಇಂಗ್ಲಿಷಿನವನು ತನ್ನನ್ನೇ ಕರ್ತೃವಾಗಿ ಮಾಡಿಕೊಳ್ಳುತ್ತಾನೆ. ಇಟಲಿಯವನು 'ಮಿ ಪಿಯಾಚೆ ಇಲ್ ಕಫ್ಫೆ' ಎನ್ನುತ್ತಾನೆ. ಇಲ್ಲಿ ಕಾಫಿ ಕರ್ತೃಸ್ಥಾನದಲ್ಲಿದೆ, ಮನುಷ್ಯ ಚತುರ್ಥಿಯಲ್ಲಿದ್ದಾನೆ, 'ನನಗೆ ಕಾಫಿ ಹಿಡಿಸುತ್ತದೆ' ಎಂಬಲ್ಲಿರುವ ಹಾಗೆಯೇ. ಇಂಗ್ಲಿಷ್ ಪಠ್ಯಪುಸ್ತಕಗಳು ದೀರ್ಘವಾದ ವಿವರಣೆ ಕೊಟ್ಟು ಬೆವರಿಳಿಸುವ ಈ ಪ್ರಯೋಗವು ಗುಬ್ಬಿಯ ಸಂತೆಯಲ್ಲಿ ದಿನವಹಿ ನಡೆಯುವ ವ್ಯಾಕರಣ.

ಕಷ್ಟಗಳಿಲ್ಲವೆಂದಲ್ಲ. ಕನ್ನಡದ ನಪುಂಸಕಲಿಂಗಕ್ಕೆ ಅಲ್ಲಿ ಸ್ಥಾನವಿಲ್ಲ. ಮೇಜು ಗಂಡು, ಕುರ್ಚಿ ಹೆಣ್ಣು. ಸೂರ್ಯನು ಪುಲ್ಲಿಂಗವಾದರೆ ಚಂದ್ರನು ಸ್ತ್ರೀಲಿಂಗ. ಪತ್ನಿಯೆಂಬರ್ಥದ 'ದಾರ' ಶಬ್ದವು ಪುಲ್ಲಿಂಗವೆಂದೂ 'ಕಲತ್ರ'ವು ನಪುಂಸಕವೆಂದೂ ಬಲ್ಲ, ಸಿದ್ಧಗಂಗೆಯಲ್ಲಿ ಸಂಸ್ಕೃತವನ್ನು ಓದಿದವರು ಇದಕ್ಕೆ ಬೆಚ್ಚುವುದಿಲ್ಲ. ಸಂಸ್ಕೃತಕ್ಕೂ ಇಟಾಲಿಯನ್ನಿಗೂ ಇರುವ ನಂಟನ್ನು ಗುರುತಿಸಿದ್ದೂ ಹೊಸದಲ್ಲ: ಹದಿನಾರನೆಯ ಶತಮಾನದಲ್ಲಿ ಕೊಚ್ಚಿ, ಗೋವೆಗಳಲ್ಲಿದ್ದ ಫ್ಲಾರೆನ್ಸಿನ ವರ್ತಕ ಫಿಲಿಪ್ಪೊ ಸಸ್ಸೆತ್ತಿಯು ದೇವ, ಸರ್ಪ, ಸಪ್ತ, ಅಷ್ಟ, ನವ ಮುಂತಾದ ಶಬ್ದಗಳು ತನ್ನ ನುಡಿಯ ಶಬ್ದಗಳನ್ನು ಹೋಲುವುದನ್ನು ಕಂಡು ಊರಿಗೆ ಕಾಗದ ಬರೆದಿದ್ದನು. ವಿರುದ್ಧ ದಿಕ್ಕಿನಿಂದ, ಇಟಲಿಯಿಂದ ಕನ್ನಡಕ್ಕೆ, ಭಾಷೆ ಕಲಿಯುವ ಶ್ರಮವನ್ನು ಪಟ್ಟವನು ನೇಪಲ್ಸಿನ ಸಮೀಪದ ನೋಲದ ಜೆಸ್ಯುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಸುಮಾರು 1649ರಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಆತ ಕನ್ನಡವನ್ನು ಕಲಿತು, ಅದರಲ್ಲಿ ಧರ್ಮಗ್ರಂಥಗಳನ್ನೂ ಅದಕ್ಕೊಂದು ವ್ಯಾಕರಣವನ್ನೂ ಬರೆದನು. ಅವನಿಗೆ ನಡುವೆ ಇಂಗ್ಲಿಷಿರಲಿಲ್ಲ.

ಮರ್ಯಾದೆಯ ವಿಷಯದಲ್ಲಿ ಇಟಲಿಯವರು ನಮ್ಮವರೇ. ಗೆಳೆಯರಿಗೆ 'ತು', ಹಿರಿಯರಿಗೂ ಅಪರಿಚಿತರಿಗೂ 'ಲೇಯಿ'. ಅಂಗಡಿಯನ್ನು ಹೊಕ್ಕೊಡನೆ 'ಬುವೊನ್‌ಜೊರ್ನೊ' ಎನ್ನದೆ ಸಾಮಾನು ಕೇಳುವುದು ಒರಟುತನ. ಪದವೀಧರನನ್ನು 'ದೊತ್ತೊರೆ' ಎಂದೂ ಇಂಜಿನಿಯರನನ್ನು 'ಇಂಜೆಞೇರೆ' ಎಂದೂ ಬಿರುದು ಸಹಿತ ಕರೆಯುವ ಚಾಳಿ ತುಮಕೂರಿನ ಕಚೇರಿಗಳಲ್ಲಿ ಬೆಳೆದವನಿಗೆ ವಿಚಿತ್ರವೆನಿಸದು.

ಪರೀಕ್ಷೆಯ ಕ್ರಮವೊಂದು ಮಾತ್ರ ನಮ್ಮ ವಿದ್ಯಾರ್ಥಿಗಳನ್ನು ಕಂಗೆಡಿಸುತ್ತದೆ. ಅಂಕಗಳು ಮೂವತ್ತಕ್ಕೆ, ತೇರ್ಗಡೆಗೆ ಹದಿನೆಂಟು, ಅತ್ಯುತ್ತಮನಿಗೆ ಮೂವತ್ತರ ಮೇಲೆ 'ಲೋದೆ' ಎಂಬ ಪ್ರಶಂಸೆ. ಆದರೆ ಬಹಳಷ್ಟು ಪರೀಕ್ಷೆಗಳು ಮೌಖಿಕ. ಸಹಪಾಠಿಗಳು ಸುತ್ತ ಕುಳಿತು ಕೇಳುತ್ತಿರುವಾಗ ಪ್ರಾಧ್ಯಾಪಕರ ಎದುರು ವಿಷಯವನ್ನು ಬಾಯಿಂದ ಪ್ರತಿಪಾದಿಸಬೇಕು. ಹನ್ನೆರಡು ಪುಟಗಳ ಉತ್ತರಪತ್ರಿಕೆಯನ್ನು ತುಂಬಿ ಅಭ್ಯಾಸವಾದವನ ಗಂಟಲು ಅಲ್ಲಿ ಒಣಗುತ್ತದೆ. 1884ರಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ನಾಟಕ ಕಂಪನಿಯ ಊರಾದ ಗುಬ್ಬಿಯಿಂದ ಬಂದವರು ಸಭಾಕಂಪಕ್ಕೆ ಒಳಗಾಗುವುದು ಸೋಜಿಗವೇ ಸರಿ. ಪಾಠಗಳನ್ನು ಗಟ್ಟಿಯಾಗಿ ಹೇಳಿಕೊಂಡು ಕಲಿಯುವ ಹಳೆಯ ರೂಢಿಯನ್ನು ಅವರು ಮತ್ತೆ ಹಿಡಿಯುವುದೊಳ್ಳೆಯದು.

ಶಾಕಾಹಾರಿಗಳಿಗೆ ಒಂದೆರಡು ಎಚ್ಚರಿಕೆಗಳು. ಸುಪ್ರಸಿದ್ಧವಾದ 'ಪಾರ್ಮಿಜಾನೊ' ಗಿಣ್ಣನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂಬ ಕಟ್ಟಳೆಯಿದೆ. ಕೆಲವು ರೊಟ್ಟಿಗಳಲ್ಲಿ ಸೇರುವ 'ಸ್ತ್ರುತ್ತೊ' ಹಂದಿಯ ಕೊಬ್ಬು. ಸಮಾಧಾನಕ್ಕೆ 'ಪೊಲೆಂತ'ವಿದೆ: ಉತ್ತರದ ಪ್ರಾಂತಗಳಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಸುರಿದು, ಕೋಲಿನಿಂದ ತಿರುವಿ ತಿರುವಿ ಗಟ್ಟಿಮಾಡುವ ಈ ಅಡುಗೆಯನ್ನು ಕಂಡರೆ ನಮ್ಮ ಸೀಮೆಯವರಿಗೆ ರಾಗಿಹಿಟ್ಟು ನೆನಪಾಗದಿರದು. ಇನ್ನು ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನವರಿಗೆ ಮಾತು ತೆಗೆಯಲು ಬೇರೊಂದು ವಿಷಯವುಂಟು. ಮಜ್ಜೊರೆ ಸರೋವರದ ದಡದಲ್ಲಿ ಫೆದೆರೀಕೊ ತೇಸಿಯೊ ಎಂಬಾತ ಬೆಳೆಸಿದ, 1935ರಲ್ಲಿ ಹುಟ್ಟಿದ 'ನೆಯಾರ್ಕೊ' ಹದಿನಾಲ್ಕು ಪಂದ್ಯಗಳಲ್ಲಿ ಹದಿನಾಲ್ಕನ್ನೂ ಗೆದ್ದ ಕುದುರೆ. ಇಂದಿನ ಪಂದ್ಯದ ಕುದುರೆಗಳಲ್ಲಿ ಬಹುಪಾಲಿನ ವಂಶಾವಳಿಯಲ್ಲಿ ಅದರ ರಕ್ತವಿದೆ.

ಸಿಯೆನ ಮತ್ತು ಪೆರೂಜಗಳಲ್ಲಿ ಪರದೇಶೀಯರಿಗಾಗಿಯೇ ಇರುವ ವಿಶ್ವವಿದ್ಯಾನಿಲಯಗಳು ಭಾಷಾಪ್ರಮಾಣಪತ್ರಗಳನ್ನು ಕೊಡುತ್ತವೆ. ಹೊರಡುವ ಮುನ್ನ ಆ ಪ್ರಮಾಣಪತ್ರಗಳ ಎ-2 ಮಟ್ಟವನ್ನಾದರೂ ಮುಟ್ಟಿದ್ದರೆ ಮೊದಲ ಚಳಿಗಾಲ ಸಹ್ಯವಾಗುತ್ತದೆ. ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯದ ದಾಖಲೆಗಳನ್ನು ದೃಢೀಕರಿಸಿ ಇಟಾಲಿಯನ್ನಿಗೆ ಅನುವಾದ ಮಾಡಿಸಲು ಕಾಲ ಹಿಡಿಯುತ್ತದೆ. ಆಗಸ್ಟ್ 15ರ ಸುಮಾರಿಗೆ 'ಫೆರ್ರಗೊಸ್ತೊ' ಹಬ್ಬದ ನೆವದಿಂದ ದೇಶವೇ ಬಾಗಿಲು ಹಾಕಿಕೊಂಡು ಕಡಲತಡಿಗೆ ಹೋಗುವುದರಿಂದ, ಬಾಡಿಗೆಯ ಕೋಣೆಯ ಪತ್ರವ್ಯವಹಾರವನ್ನು ಜುಲೈ ತಿಂಗಳೊಳಗೇ ಮುಗಿಸಿಕೊಳ್ಳತಕ್ಕದ್ದು.