ಕೇರೆಹಾವು: ಕೋಲೆತ್ತುವ ಮುನ್ನ

ಹೊಲ, ಬಣವೆ, ಹಿತ್ತಿಲುಗಳಲ್ಲಿ ನಮ್ಮ ರೈತಾಪಿ ಕುಟುಂಬಗಳಿಗೆ ಚಿರಪರಿಚಿತವಾದ ಹಾವು ಕೇರೆ. ನಾಗರವೆಂಬ ಭ್ರಮೆಯಿಂದ ಜನರ ಕೋಲಿಗೆ ಬಲಿಯಾಗುವುದೂ ಅದೇ. ಶಿಲೆಯ ನಾಗನನ್ನು ಪೂಜಿಸಿ ಜೀವಂತ ಹಾವನ್ನು ಬಡಿಯುವ ವೈಪರೀತ್ಯವನ್ನು ಬಸವಣ್ಣನವರು ೧೨ನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದಾರೆ. ದಯೆಗೆ ತಿಳಿವಳಿಕೆಯೂ ಜೊತೆಗೂಡಬೇಕು.

ಸರ್ಪಗಳ ವರ್ಗೀಕರಣ ನಮ್ಮಲ್ಲಿ ಪ್ರಾಚೀನವಾದುದು. ಸುಶ್ರುತಸಂಹಿತೆಯು ೮೦ ಬಗೆಯ ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜವೆಂದು ಐದು ಗುಂಪು ಮಾಡುತ್ತದೆ. ದರ್ವಿಯೆಂದರೆ ಸೌಟು, ಸೌಟಿನಂತಹ ಹೆಡೆಯುಳ್ಳದ್ದು ದರ್ವೀಕರ. ನಾಗರ ಆ ಗುಂಪಿನದು. ಕೇರೆಗೆ ಹೆಡೆಯೂ ಇಲ್ಲ, ವಿಷವೂ ಇಲ್ಲ. ೧೭೫೮ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ‘ಕೊಲುಬರ್ ಮ್ಯುಕೋಸಸ್’ ಎಂದು ಕರೆದನು. ಮುಂದೆ ಇದು ‘ಪ್ಟ್ಯಾಸ್’ ಕುಲಕ್ಕೆ ಸೇರಿತು. ಆ ಪದ ಸ್ತ್ರೀಲಿಂಗವಾದುದರಿಂದ ವಿಶೇಷಣವೂ ಲಿಂಗಾನುಸಾರವಾಗಿ ‘ಮ್ಯುಕೋಸ’ ಎಂದಾಯಿತು. ತಮಿಳಿನಲ್ಲಿ ಇದೇ ಹಾವು ‘ಸಾರೈ’, ಮಲಯಾಳದಲ್ಲಿ ‘ಚೇರ’. ಕಕಾರ ಚಕಾರವಾದ ದ್ರಾವಿಡ ಸಹೋದರ ಪದಗಳಿವು.

ಬಣ್ಣವೊಂದರಿಂದಲೇ ಕೇರೆಯನ್ನು ನಿರ್ಣಯಿಸಲಾಗದು. ಹಳದಿ, ಕಂದು, ಬೂದು ಛಾಯೆಗಳೆಲ್ಲ ಉಂಟು. ನೀಳವಾದ ಮೈ, ಕುತ್ತಿಗೆಗಿಂತ ಸ್ಪಷ್ಟವಾಗಿ ಅಗಲವಾದ ತಲೆ, ದೊಡ್ಡ ಕಣ್ಣುಗಳು, ತುಟಿಯ ಹುರುಪೆಗಳ ನಡುವೆ ಕಪ್ಪು ಗೀರುಗಳು, ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟಿಗಳು ಇದರ ಲಕ್ಷಣಗಳು. ದುಂಡನೆಯ ಕಣ್ಣುಪಾಪೆಯನ್ನು ನಂಬಬಾರದು, ನಾಗರಕ್ಕೂ ಅದುಂಟು. ಕೆಣಕಿದಾಗ ನಾಗರದ ಹೆಡೆ ಎಡಬಲಕ್ಕೆ ಹರಡುತ್ತದೆ. ಕೇರೆಯ ಕೊರಳು ಮೇಲೆಕೆಳಗೆ ಉಬ್ಬುತ್ತದೆ. ಎರಡು ಮೀಟರ್ ಉದ್ದ ಬೆಳೆಯುವ ಕೇರೆ ಹಗಲಿನಲ್ಲಿಯೇ ಚುರುಕಾಗಿ ಸಂಚರಿಸುತ್ತದೆ.

ಕೇರೆ ಗಂಡು, ನಾಗರ ಹೆಣ್ಣು ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಇವುಗಳ ನಡುವೆ ಸಂಯೋಗವಿಲ್ಲ. ಮೈಗೆ ಮೈ ಹೆಣೆದು ಎದ್ದುನಿಲ್ಲುವ ಕೇರೆಗಳನ್ನು ಕಂಡು ಮಿಲನವೆಂದು ಜನ ಬಗೆಯುತ್ತಾರೆ. ಸಾಮಾನ್ಯವಾಗಿ ಅದು ಎರಡು ಗಂಡು ಕೇರೆಗಳ ಬಲಪರೀಕ್ಷೆ. ಕೇರೆಯ ಬಾಲದಲ್ಲಿ ವಿಷವಿದೆಯೆಂಬುದೂ ನಿರಾಧಾರ.

ಆದರೆ ಈ ಅರಿವು ದುಸ್ಸಾಹಸಕ್ಕೆ ದಾರಿಯಾಗಬಾರದು. ಲಕ್ಷಣಗಳನ್ನು ದೂರದಿಂದಲೇ ನೋಡಬೇಕು, ಹಿಡಿದಲ್ಲ. ಮಕ್ಕಳಿಗೆ ಇದನ್ನು ತಾಯಂದಿರು ಮೊದಲು ಹೇಳಬೇಕು. ಹಾವು ಕಚ್ಚಿದರೆ ಕೇರೆಯೋ ನಾಗರವೋ ಎಂದು ಚರ್ಚಿಸುತ್ತ ಕೂರದೆ, ಮಂತ್ರ, ನಾಟಿ ಬೇರುಗಳ ಮೊರೆಹೋಗದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಕೇರೆಗೂ ಉಂಟು. ಕಾಳು ತಿನ್ನುವ ಇಲಿಗಳನ್ನು ಅದು ಬಿಲದೊಳಗೇ ನುಗ್ಗಿ ಹಿಡಿಯುತ್ತದೆ. ರೈತನಿಂದ ಕೂಲಿ ಬೇಡದೆ ಕಾಯಕ ಮಾಡುವ ಈ ಜೀವಿಗೆ ನಾವು ಸಲ್ಲಿಸಬೇಕಾದುದು ಇಷ್ಟೇ: ಕಂಡಾಗ ದೂರ ನಿಂತು ದಾರಿ ಬಿಡುವುದು.