‘ವೈಡ್‌ಲ್ಯಾಂಡ್ಸ್’ ಆಟದಲ್ಲಿ ಉತ್ಪಾದನೆ ಮತ್ತು ಸಾಗಣೆ

ಗಣಕಯಂತ್ರದ ಯುದ್ಧತಂತ್ರದ ಆಟಗಳೆಂದೊಡನೆ ಸೈನ್ಯ, ಮುತ್ತಿಗೆ, ಕೋಟೆಗಳ ಚಿತ್ರ ಮೂಡುವುದು ಸಹಜ. ಆದರೆ ಈ ಪ್ರಕಾರದ ಒಂದು ಕವಲಿನಲ್ಲಿ ಕಾಳಗಕ್ಕಿಂತ ಸರಕಿನ ಉತ್ಪಾದನೆ, ಸಾಗಣೆಗಳೇ ಪ್ರಧಾನವಾಗಿವೆ. ಜರ್ಮನಿಯ ಬ್ಲೂ ಬೈಟ್ ಸಂಸ್ಥೆ 1996ರಲ್ಲಿ ಹೊರತಂದ ‘ದ ಸೆಟ್ಲರ್ಸ್ 2’ ಈ ಕವಲಿನ ಪ್ರಸಿದ್ಧ ಆಟ. ಅದರ ಪ್ರೇರಣೆಯಿಂದ ಸ್ವಯಂಸೇವಕರು ರೂಪಿಸಿದ ‘ವೈಡ್‌ಲ್ಯಾಂಡ್ಸ್’ನ 1.0 ಆವೃತ್ತಿ 2021ರಲ್ಲಿ ಬಿಡುಗಡೆಯಾಯಿತು. ಇದರ ಮೂಲಸಂಕೇತವು ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಲಭ್ಯ. ಆಟದೊಳಗಿನ ಅರ್ಥವ್ಯವಸ್ಥೆ ಯಾವ ದುಡಿಮೆಗೆ ಬೆಲೆ ಕಟ್ಟಿದೆ, ಯಾವುದಕ್ಕೆ ಕಟ್ಟಿಲ್ಲ ಎಂಬುದನ್ನು ಇಲ್ಲಿ ಊಹಿಸಬೇಕಾಗಿಲ್ಲ. ಹಸ್ತಪ್ರತಿಯನ್ನು ಓದುವಂತೆ ಸಾಲು ಸಾಲಾಗಿ ಓದಿ ತಿಳಿಯಬಹುದು.

ಆಟದ ಬುಡಕಟ್ಟುಗಳಲ್ಲಿ ಒಂದಾದ ‘ಬಾರ್ಬೇರಿಯನ್’ರನ್ನೇ ಉದಾಹರಣೆಯಾಗಿ ನೋಡೋಣ. ಮೀನು, ಮಾಂಸ ಅಥವಾ ರೊಟ್ಟಿಯಿಂದ ಬುತ್ತಿ ಸಿದ್ಧವಾಗುತ್ತದೆ. ಬುತ್ತಿಯನ್ನುಂಡ ಗಣಿಗಾರ ಕಲ್ಲಿದ್ದಲನ್ನು ತೆಗೆಯುತ್ತಾನೆ. ಕಲ್ಲಿದ್ದಲು ಮತ್ತು ಅದಿರು ಸೇರಿ ಕಬ್ಬಿಣವಾಗುತ್ತದೆ. ಕಬ್ಬಿಣ ಮತ್ತು ಮರದಿಂದ ಗುದ್ದಲಿ ಮೊದಲಾದ ಉಪಕರಣಗಳು ತಯಾರಾಗುತ್ತವೆ. ಗುದ್ದಲಿಯಿಲ್ಲದೆ ಹೊಸ ಗಣಿಗಾರನಿಲ್ಲ. ಆದುದರಿಂದ ಮೊದಲ ದಾಸ್ತಾನಿನ ಕಬ್ಬಿಣವನ್ನೆಲ್ಲ ಬೇರೆಡೆಗೆ ವ್ಯಯಮಾಡಿದ ಆಟಗಾರನ ಸರಪಳಿ ಅಲ್ಲಿಯೇ ಕಡಿಯುತ್ತದೆ. ಪ್ರತಿ ಕಟ್ಟಡದ ಕೆಲಸವೂ ಲುವಾ ಭಾಷೆಯ ಕೆಲವೇ ಸಾಲುಗಳಲ್ಲಿದೆ: ಇಷ್ಟು ಬಳಸು, ಇಷ್ಟು ಹೊತ್ತು ದುಡಿ, ಇಷ್ಟು ಉತ್ಪಾದಿಸು. ಉಗ್ರಾಣದಲ್ಲಿ ನಿಗದಿತ ಪ್ರಮಾಣದ ಸರಕು ಇದ್ದರೆ ಆ ಸುತ್ತಿನ ಕೆಲಸವನ್ನು ಬಿಟ್ಟುಬಿಡುವ ಸೂಚನೆಯೂ ಅನೇಕ ಕಡೆ ಸೇರಿದೆ.

ನಮ್ಮ ದೃಷ್ಟಿಯಲ್ಲಿ ಆಟದ ಜೀವಾಳವಿರುವುದು ದಾರಿಗಳಲ್ಲಿ. ದಾರಿಯ ಮೇಲೆ ಧ್ವಜಗಳನ್ನು ನೆಡಬೇಕು. ಎರಡು ಧ್ವಜಗಳ ನಡುವಿನ ತುಂಡಿಗೆ ಒಬ್ಬ ಹೊರೆಯಾಳು. ಅವನು ಒಮ್ಮೆಗೆ ಹೊರುವುದು ಒಂದೇ ಸರಕು. ಒಂದು ಧ್ವಜದ ಬುಡದಲ್ಲಿ ಎಂಟು ಸರಕುಗಳಿಗಷ್ಟೇ ಎಡೆಯುಂಟು. ಸಮತಟ್ಟು ನೆಲದಲ್ಲಿ ಒಂದು ಹೆಜ್ಜೆಗೆ 1.8 ಸೆಕೆಂಡು. ಎಂಟು ಹೆಜ್ಜೆಯ ದಾರಿಯಲ್ಲಿ ನಡುವೆ ಧ್ವಜವಿಲ್ಲದಿದ್ದರೆ ಒಂದು ಸರಕನ್ನು ಮುಟ್ಟಿಸಿ ಬರಿಗೈಯಲ್ಲಿ ಮರಳಲು 28.8 ಸೆಕೆಂಡು ಬೇಕು. ಅಂದರೆ ನಿಮಿಷಕ್ಕೆ ಸುಮಾರು ಎರಡು ಸರಕು. ಅದೇ ದಾರಿಯನ್ನು ಎರಡೆರಡು ಹೆಜ್ಜೆಯ ನಾಲ್ಕು ತುಂಡುಗಳಾಗಿಸಿದರೆ, ಎತ್ತಿ ಇಳಿಸುವ ವೇಳೆಯನ್ನು ಬಿಟ್ಟು, ನಿಮಿಷಕ್ಕೆ ಎಂಟರಷ್ಟು ಸಾಗುತ್ತವೆ. ಒಂದು ಸರಕಿನ ಪಯಣವೇನೂ ಇದರಿಂದ ಚುರುಕಾಗದು. ಪ್ರವಾಹ ಮಾತ್ರ ನಾಲ್ಮಡಿಯಾಗುತ್ತದೆ. ಹೊಸ ಆಟಗಾರರು ಬಹಳ ತಡವಾಗಿ ಕಾಣುವ ಭೇದವಿದು.

ದಟ್ಟಣೆಯ ದಾರಿಗೆ ಎರಡನೆಯ ಸಾಗಣೆಗಾರನಾಗಿ ಎತ್ತು ಬರುತ್ತದೆ. ಕನ್ನಡದ ‘ಹೇರೆತ್ತು’ ಎಂಬ ಹಳೆಯ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಸರಕಿನ ಮಾರ್ಗವನ್ನು ನಿರ್ಣಯಿಸುವಾಗ ದೂರದ ಜೊತೆಗೆ ಧ್ವಜಗಳಲ್ಲಿ ಕಾದು ಬಿದ್ದಿರುವ ಸರಕುಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ದಾರಿ ಕಡಿದು ಒಂದು ಭಾಗ ಬೇರ್ಪಟ್ಟರೆ ಅದು ಪ್ರತ್ಯೇಕ ಅರ್ಥವ್ಯವಸ್ಥೆಯೇ ಆಗಿಬಿಡುತ್ತದೆ. ಅಲ್ಲಿನ ಉಗ್ರಾಣದ ಸರಕು ಇಲ್ಲಿಗೆ ಒದಗದು.

ಇಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಒಂದು ಮೌನವನ್ನು ನಾವು ಗುರುತಿಸುತ್ತೇವೆ. ಗಣಿಗಾರನಿಗೆ ಬುತ್ತಿ ಬೇಕು. ಎತ್ತನ್ನು ಸಾಕಿ ಬೆಳೆಸಲು ಗೋಧಿ, ನೀರು ಬೇಕು. ಹೊರೆಯಾಳಿಗೆ ಮಾತ್ರ ಅನ್ನವೂ ಇಲ್ಲ, ಕೂಲಿಯೂ ಇಲ್ಲ. ಬೇಕೆಂದಷ್ಟು ಆಳುಗಳು ಉಗ್ರಾಣದಿಂದ ಹೊರಬರುತ್ತಾರೆ. ಇದನ್ನು ಕೇವಲ ಅಲಕ್ಷ್ಯವೆಂದು ತಳ್ಳಿಹಾಕುವುದು ಸರಿಯಾಗದು. ಹೊರೆಯಾಳಿಗೂ ಬುತ್ತಿಯನ್ನು ವಿಧಿಸಿದರೆ ಆ ಬುತ್ತಿಯನ್ನು ತರಬೇಕಾದವನೂ ಹೊರೆಯಾಳೇ. ಒಮ್ಮೆ ಕೊರತೆ ಬಿದ್ದರೆ ಇಡೀ ನಾಡು ನಿಂತಲ್ಲೇ ನಿಲ್ಲುತ್ತದೆ. ಆಟ ಆಟವಾಗಿ ಉಳಿಯಲು ಈ ದುಡಿಮೆ ಪುಕ್ಕಟೆಯಾಗಿರಬೇಕಾಯಿತೆಂದು ತೋರುತ್ತದೆ. ಗಣಿಯ ಬುತ್ತಿಯನ್ನು ಹೆಚ್ಚುಕಡಿಮೆ ಮಾಡಬಯಸುವವರು ಲುವಾ ಕಡತದ ಒಂದು ಸಾಲನ್ನು ತಿದ್ದಿದರೆ ಸಾಕು. ಹೊರೆಯಾಳಿನ ಹಸಿವನ್ನು ಬರೆಯಹೊರಟವರು ಮಾತ್ರ ಸಿ++ ಭಾಷೆಯಲ್ಲಿರುವ ಆಟದ ತಿರುಳಿಗೇ ಕೈಹಾಕಬೇಕಾಗುತ್ತದೆ.