ಐದನೇ ಸ್ಟೇಷನ್ನಿನಲ್ಲಿ ಇಳಿದು ನೋಡಿ!

ಪದ್ಮನಾಭನಗರದವರೇ, ನಿಮಗೊಂದು ಪ್ರಶ್ನೆ! ಇಪ್ಪತ್ತನೇ ಶತಮಾನವನ್ನೇ ಅಲುಗಾಡಿಸಿದ ಎರಡು ಶಕ್ತಿ ಯಾವುವು?

ನನ್ನ ಉತ್ತರ: ಗಾಂಧಿಯ ಸತ್ಯಾಗ್ರಹ! ಪರಮಾಣು!

ಈಗ ಕಷ್ಟದ ಪ್ರಶ್ನೆ. ಈ ಎರಡನ್ನೂ ಒಂದೇ ಬಾಳಿನಲ್ಲಿ ಅರಗಿಸಿಕೊಂಡವರೊಬ್ಬರಿದ್ದರು. ಎಲ್ಲಿದ್ದರು? ದೆಹಲಿ? ಅಮೆರಿಕ? ಊಹೂಂ! ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಎಣಿಸುತ್ತಾ ಹೋಗಿ. ಆರ್.ವಿ. ರಸ್ತೆ, ಜಯನಗರ, ಸೌತ್ ಎಂಡ್, ಲಾಲ್‌ಬಾಗ್... ಐದನೆಯದರಲ್ಲಿ ಇಳಿಯಿರಿ. ಬಸವನಗುಡಿಯ ನ್ಯಾಷನಲ್ ಕಾಲೇಜು! ಅಲ್ಲಿನ ಹಾಸ್ಟೆಲಿನ ಒಂದು ಕೋಣೆಯೇ ‘ಎಚ್ಚೆನ್’ ಎಂದೇ ಹೆಸರಾದ ಎಚ್. ನರಸಿಂಹಯ್ಯನವರ ಮನೆಯಾಗಿತ್ತು!

1935ನೇ ಇಸವಿ. ಆಗ ಅವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ. ಓದಲೇಬೇಕೆಂಬ ಹಟ. ಜೇಬಿನಲ್ಲಿ ರೈಲಿಗೆ ಕಾಸಿಲ್ಲ. ಬೆಂಗಳೂರಿಗೆ ಹೇಗೆ ಬಂದ ಗೊತ್ತೇ? ನಡೆದು! ಎರಡು ದಿನ ನಡೆದು! ಸೇರಿದ್ದು ನ್ಯಾಷನಲ್ ಹೈಸ್ಕೂಲಿಗೆ. ಅದನ್ನು 1917ರಲ್ಲಿ ಹುಟ್ಟುಹಾಕಿದವರು ಹೋಂ ರೂಲ್ ಚಳವಳಿಯ ಆನಿ ಬೆಸೆಂಟ್!

ಮರುವರ್ಷ ಆ ಶಾಲೆಗೆ ಯಾರು ಬಂದರು, ಊಹಿಸಿ. ಸಾಕ್ಷಾತ್ ಗಾಂಧೀಜಿ! ಮಾತಾಡಿದ್ದು ಹಿಂದಿಯಲ್ಲಿ. ಕಿಕ್ಕಿರಿದ ಜನರಿಗೆ ಅದನ್ನು ಕನ್ನಡದಲ್ಲಿ ಹೇಳಿದ್ದು ಯಾರು?

ನಡೆದುಬಂದ ಅದೇ ಹುಡುಗ!

ಇನ್ನೂ ಹದಿನಾರರ ಆಸುಪಾಸಿನ ವಯಸ್ಸು! ಮಹಾತ್ಮರ ಮಾತು ಆ ಪುಟ್ಟ ಗಂಟಲಿನಿಂದ ಕನ್ನಡವಾಗಿ ಹೊರಟಿತು. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ಮಾತು ಕಿವಿಯಲ್ಲೇ ಉಳಿಯಲಿಲ್ಲ. 1942ರಲ್ಲಿ ಹುಡುಗ ಓದು ಬಿಟ್ಟು, ಸ್ವಾತಂತ್ರ್ಯ ಹೋರಾಟಕ್ಕಿಳಿದು ಜೈಲಿಗೆ ಹೋದ!

ಮತ್ತೆ ಪರಮಾಣು ಎಲ್ಲಿ? ಬಂದೆ! ಅದೇ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದ ಎಚ್ಚೆನ್, ಅಮೆರಿಕಕ್ಕೆ ಹೋಗಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ? ಅಲ್ಲೇ ಉಳಿಯಲಿಲ್ಲ. ಮತ್ತೆ ಬಸವನಗುಡಿ! ಮತ್ತೆ ಖಾದಿ, ಮತ್ತೆ ಗಾಂಧಿ ಟೋಪಿ!

1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಿಜ್ಞಾನಿಗಳು ವಾರವಾರ ಬಂದು ಜನಸಾಮಾನ್ಯರ ಎದುರು ನಿಂತು ಮಾತಾಡಿದರು. ಜುಲೈ ಬಂತೆಂದರೆ ಉಪನ್ಯಾಸಗಳ ಹಬ್ಬ!

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ. 1976ರಲ್ಲಿ ಪವಾಡಗಳ ತನಿಖೆಗೇ ಸಮಿತಿ ರಚಿಸಿದರು! ದೇಶವೆಲ್ಲ ಗದ್ದಲ! ಎಂಥ ಎದೆಗಾರಿಕೆ!

2005ರಲ್ಲಿ ತೀರಿಕೊಳ್ಳುವವರೆಗೂ ಹಾಸ್ಟೆಲೇ ಮನೆ, ವಿದ್ಯಾರ್ಥಿಗಳೇ ಬಳಗ.

ಆಧುನಿಕ ಜಗತ್ತು ಹೇಗಾಯಿತೆಂದು ತಿಳಿಯಬೇಕೇ? ದಪ್ಪ ಚರಿತ್ರೆಯ ಪುಸ್ತಕ ಆಮೇಲೆ ತೆರೆಯಿರಿ. ಮೊದಲು ಎಚ್ಚೆನ್ ಆತ್ಮಕಥೆ ‘ಹೋರಾಟದ ಹಾದಿ’ ಓದಿ. ಮನೆಯ ಮಕ್ಕಳ ಕೈಗೂ ಕೊಡಿ!